ರಾತ್ರಿ ಸಭೆಯಲ್ಲಿ ಮುಳುಗಿದ ಹಳ್ಳಿ: ತನಾಕಾ ಶೋಜೋ ಎಂಬ ಮುದುಕನ ಕಥೆ

ಈ ಅಂಕಣದಲ್ಲಿ ಬರೋದು ಸಾಮಾನ್ಯವಾಗಿ ಚರಂಡಿ, ಸೈಟು, ಪಂಚಾಯ್ತಿ ಠರಾವುಗಳ ಸುದ್ದಿ. ಇವತ್ತು ಸ್ವಲ್ಪ ದೂರ ಹೋಗಿಬರೋಣ, ಜಪಾನಿಗೆ. ದೂರ ಅಂತ ಪುಟ ತಿರುವಿಬಿಡಬೇಡಿ. ಒಂದು ಊರಿನ ನೆಲ ಯಾತಕ್ಕೆ ಬಳಕೆಯಾಗಬೇಕು ಅನ್ನೋದನ್ನು ಊರಿನವರನ್ನು ಕೇಳದೆಯೇ ಗೊತ್ತುಮಾಡುವ ಚಾಳಿ ಎಲ್ಲಿಂದ ಬಂತು, ಅದನ್ನು ಎದುರಿಸಿದವರ ಗತಿ ಏನಾಯಿತು ಅನ್ನೋದಕ್ಕೆ ಇದಕ್ಕಿಂತ ಚೆನ್ನಾದ ಕಥೆ ಸಿಗೋದು ಕಷ್ಟ. ಕಥಾನಾಯಕ ತನಾಕಾ ಶೋಜೋ. ಸತ್ತು ನೂರು ವರ್ಷದ ಮೇಲಾಯಿತು. ಆದರೂ ಜಪಾನಿನಲ್ಲಿ ಅವನ ಹೆಸರು ಕೇಳದವರು ಕಡಿಮೆ.

ಹುಟ್ಟಿದ್ದು 1841ರಲ್ಲಿ, ಈಗಿನ ತೊಚಿಗಿ ಪ್ರಾಂತ್ಯದ ಕೊನಾಕಾ ಎಂಬ ಹಳ್ಳಿಯಲ್ಲಿ. ಅಪ್ಪ ಊರಿನ ಮುಖಂಡ, ನಮ್ಮ ಕಡೆ ಪಟೇಲ ಅಂತೀವಲ್ಲ, ಹೆಚ್ಚುಕಡಿಮೆ ಹಾಗೆ. ಮೀಸೆ ಮೂಡುವ ವಯಸ್ಸಿಗೇ ಆ ಪಟೇಲಿಕೆ ಮಗನ ಹೆಗಲಿಗೆ ಬಂತು. ಬಂದದ್ದೇ ತಡ, ಆ ಸೀಮೆಯ ರೊಕ್ಕಾಕು ದೊರೆಗಳ ಅಧಿಕಾರಿಗಳ ಜೊತೆ ಜಗಳ. ರೈತರ ಮೇಲೆ ಮನಸ್ಸಿಗೆ ಬಂದ ಹಾಗೆ ಕರ ಹೇರುತ್ತಾರೆ ಅಂತ ದೂರು. ದೂರು ಕೊಟ್ಟವನನ್ನೇ ಒಳಗೆ ಹಾಕಿದರು. ನೆಟ್ಟಗೆ ನಿಲ್ಲೋಕಾಗದ, ಕಾಲು ಚಾಚಿ ಮಲಗೋಕಾಗದ ಗೂಡಿನಂಥ ಕೋಣೆ, 10 ತಿಂಗಳಿಗೂ ಮೇಲೆ. ಊಟದಲ್ಲಿ ವಿಷ ಹಾಕಿಯಾರು ಅನ್ನೋ ಅಂಜಿಕೆಗೆ ಸ್ನೇಹಿತರು ತಂದುಕೊಟ್ಟ ಒಣಮೀನಿನ ತುಂಡನ್ನು ಚೀಪಿಕೊಂಡು ದಿನ ತಳ್ಳಿದನಂತೆ. ಮುಂದೆ ದೂರದ ಉತ್ತರದಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಅಲ್ಲಿ ಮೇಲಧಿಕಾರಿಯ ಕೊಲೆಯಾಯಿತು, ಅನುಮಾನ ಇವನ ಮೇಲೆ ಬಿತ್ತು. ಚಿತ್ರಹಿಂಸೆ, ಮತ್ತೆ ಸುಮಾರು ಮೂರು ವರ್ಷ ಸೆರೆ. ಕೊನೆಗೆ 1874ರಲ್ಲಿ ನಿರಪರಾಧಿ ಅಂತ ಬಿಟ್ಟರು.

ಅಂಗಡಿಯವರಿಗೆ ಇಷ್ಟವಾಗುವ ಒಂದು ಸಂಗತಿ ಇಲ್ಲಿದೆ. ಸೆರೆಯಿಂದ ಬಂದವನು ಮನೆಯ ಸಾಮಾನು ಮಾರಿ ಜಮೀನು ಕೊಂಡ. 1877ರ ಅಂತರ್ಯುದ್ಧದ ಕಾಲಕ್ಕೆ ಜಮೀನಿನ ರೇಟು ಗಗನಕ್ಕೆ ಏರಿತು. ಮಾರಿದ. ಸುಮಾರು 3,000 ಯೆನ್ ಲಾಭ, ಆ ಕಾಲಕ್ಕೆ ದೊಡ್ಡ ಗಂಟು. ಬೇರೆ ಯಾರೇ ಆಗಿದ್ದರೂ ಅದೇ ಕಸುಬು ಮುಂದುವರಿಸುತ್ತಿದ್ದರು. ಇವನು ಇನ್ನು ಲಾಭದ ದಂಧೆ ಸಾಕು, ಈ ದುಡ್ಡು ಸಾರ್ವಜನಿಕ ಕೆಲಸಕ್ಕೆ ಅಂತ ಅಪ್ಪನಿಗೆ ಬರೆದು ತಿಳಿಸಿ ರಾಜಕೀಯಕ್ಕೆ ಇಳಿದ. 1879ರಲ್ಲಿ ಪತ್ರಿಕೆ ಶುರುಮಾಡಿದ. 1880ರಲ್ಲಿ ತೊಚಿಗಿ ಪ್ರಾಂತ್ಯದ ಸಭೆಗೆ ಗೆದ್ದ. ಮಿಶಿಮಾ ಎಂಬ ಗವರ್ನರು ಜನರನ್ನು ಬಿಟ್ಟಿ ದುಡಿಸಿ ರಸ್ತೆ ಹಾಕಿಸುತ್ತಿದ್ದಾಗ ಎದುರುನಿಂತು, 1884ರಲ್ಲಿ ಮತ್ತೆ ಜೈಲು. ಗವರ್ನರು ವರ್ಗವಾಗಿ ಹೋದ, ಇವನು ಸಭೆಯ ಅಧ್ಯಕ್ಷನಾದ. 1890ರಲ್ಲಿ ಜಪಾನಿನ ಮೊಟ್ಟಮೊದಲ ಪಾರ್ಲಿಮೆಂಟು ಕೂಡಿದಾಗ ಅಲ್ಲೂ ಸದಸ್ಯ. ವಯಸ್ಸು ಐವತ್ತರ ಹತ್ತಿರ. ನಿಜವಾದ ಜಗಳ ಶುರುವಾದದ್ದು ಆಮೇಲೆ.

ತೊಚಿಗಿಯ ಬೆಟ್ಟದಲ್ಲಿ ಆಶಿಯೋ ಅಂತ ಹಳೇ ತಾಮ್ರದ ಗಣಿ. 1877ರಲ್ಲಿ ಫುರುಕಾವಾ ಇಚಿಬೆ ಎಂಬ ವ್ಯಾಪಾರಿ ಅದನ್ನು ಕೊಂಡ. ಹೊಸ ಅದಿರು ಸಿಕ್ಕಿತು, ಹೊಸ ಯಂತ್ರ ಬಂತು. ಕೆಲವೇ ವರ್ಷದಲ್ಲಿ ದೇಶದ ತಾಮ್ರದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಆಶಿಯೋದ್ದೇ. ತಾಮ್ರ ಹೊರದೇಶಕ್ಕೆ ಹೋಗಬೇಕು, ಬಂದ ಹಣದಲ್ಲಿ ಹಡಗು, ತೋಪು ಬರಬೇಕು. ಸರ್ಕಾರಕ್ಕೆ ಗಣಿ ಅಂದರೆ ಮನೆದೇವರು. ಕುಲುಮೆಗೆ ಬೆಟ್ಟದ ಮರ ಹೋದವು, ಉಳಿದದ್ದನ್ನು ಗಂಧಕದ ಹೊಗೆ ಸುಟ್ಟಿತು. ಬೋಳು ಬೆಟ್ಟದಿಂದ ನೀರು ಒಂದೇ ಸಮನೆ ಇಳಿದು ಪ್ರವಾಹ. ಆ ಪ್ರವಾಹದ ಜೊತೆ ಗಣಿಯ ವಿಷದ ಕೆಸರು ವಾತಾರಾಸೆ ನದಿಗುಂಟ ಬಂದು ಗದ್ದೆಗಳ ಮೇಲೆ ಕೂರುತ್ತಿತ್ತು. ಮೊದಲು ಮೀನು ಸತ್ತವು. 1890ರ ಮಹಾಪೂರದಲ್ಲಿ ಬೆಳೆ ಸತ್ತಿತು.

1891ರ ಡಿಸೆಂಬರಿನಲ್ಲಿ ಶೋಜೋ ಪಾರ್ಲಿಮೆಂಟಿನಲ್ಲಿ ಎದ್ದುನಿಂತು ಕೇಳಿದ: ಗಣಿಗೆ ಪರವಾನಗಿ ಕೊಟ್ಟವರು ನೀವು, ಸಾರ್ವಜನಿಕ ಹಿತಕ್ಕೆ ಕೇಡಾದರೆ ಪರವಾನಗಿ ರದ್ದುಮಾಡಬಹುದು ಅಂತ ನಿಮ್ಮ ಕಾನೂನಿನಲ್ಲೇ ಇದೆ, ಯಾಕೆ ಮಾಡಿಲ್ಲ ಅನ್ನುವ ಅರ್ಥದ ಪ್ರಶ್ನೆ. ಉತ್ತರ ಕೊಡಬೇಕಾದ ಕೃಷಿ ಮತ್ತು ವಾಣಿಜ್ಯ ಮಂತ್ರಿ ಮುತ್ಸು ಮುನೆಮಿತ್ಸು. ಈ ಮುತ್ಸುವಿನ ಎರಡನೇ ಮಗ ಯಾರಿಗೆ ದತ್ತು ಹೋಗಿದ್ದ ಗೊತ್ತೇ? ಗಣಿ ಧಣಿ ಫುರುಕಾವಾಗೆ! ಉತ್ತರ ಹೇಗಿದ್ದೀತು ಅಂತ ನೀವೇ ಊಹಿಸಿ.

ಕಂಪನಿ ಸುಮ್ಮನೆ ಕೂರಲಿಲ್ಲ. ಊರೂರಿಗೆ ಮಧ್ಯಸ್ಥರನ್ನು ಕಳಿಸಿತು. ಅಷ್ಟಿಷ್ಟು ಪರಿಹಾರ ಕೈಗಿಡೋದು, ಕಾಗದಕ್ಕೆ ರುಜು ಹಾಕಿಸಿಕೊಳ್ಳೋದು. ಕಾಗದದಲ್ಲಿ ಏನಿತ್ತೆಂದರೆ, ಇನ್ನು ಮುಂದೆ ದೂರು ಹೇಳುವುದಿಲ್ಲ. ಕೆಲವು ಕಡೆ ಇನ್ನು ಎಂದೆಂದಿಗೂ ಹೇಳುವುದಿಲ್ಲ. ಬೆಳೆ ಹೋಗಿ ಸಾಲದಲ್ಲಿದ್ದವನು ಏನು ಮಾಡಿಯಾನು, ಹಾಕಿದ. 1896ರಲ್ಲಿ ಅದಕ್ಕಿಂತ ದೊಡ್ಡ ಪೂರ ಬಂತು. ಈ ಸಲ ಕೊಳೆನೀರು ಟೋಕಿಯೋ ಅಂಚಿನವರೆಗೂ ಮುಟ್ಟಿತು. ರಾಜಧಾನಿಗೆ ನೀರು ಬಂದಾಗಲೇ ಸರ್ಕಾರಕ್ಕೆ ಎಚ್ಚರ. 1897ರಲ್ಲಿ ಗಣಿಗೆ 37 ಕಲಮುಗಳ ಆಜ್ಞೆ ಹೊರಟಿತು: ಕೆಸರು ತಡೆಯುವ ಹೊಂಡ ಕಟ್ಟು, ಹೊಗೆ ತಡಿ, ಇಂತಿಷ್ಟು ದಿನದೊಳಗೆ ಮುಗಿಸು. ಕಂಪನಿ ಕಟ್ಟಿತು ಕೂಡ. ಆದರೆ ಹಳೇ ವಿಷ ನದಿಯ ತಳದಲ್ಲೇ ಉಳಿಯಿತು, ಪೂರ ಬರೋದು ನಿಲ್ಲಲಿಲ್ಲ.

ರೈತರು ಕಾಲ್ನಡಿಗೆಯಲ್ಲಿ ರಾಜಧಾನಿಗೆ ಹೊರಟರು, ಒಂದಲ್ಲ ನಾಲ್ಕು ಸಲ. ನಾಲ್ಕನೇ ಸಲ, 1900ರ ಫೆಬ್ರವರಿ 13ರಂದು, ಕವಾಮಾತಾ ಎಂಬಲ್ಲಿ ಪೋಲೀಸರು ಅಡ್ಡಹಾಕಿ ಬಡಿದರು. ಐವತ್ತೊಂದು ಜನರ ಮೇಲೆ ಮೊಕದ್ದಮೆ. ಎರಡು ವರ್ಷ ಎಳೆದಾಡಿದ ಆ ಮೊಕದ್ದಮೆ ದೋಷಾರೋಪಣ ಪತ್ರವೇ ಸರಿಯಿಲ್ಲ ಅಂತ ಬಿದ್ದುಹೋಯಿತು. ಅದರ ವಿಚಾರಣೆಗೆ ಹೋಗಿದ್ದ ಶೋಜೋ ಕೋರ್ಟಿನಲ್ಲಿ ದೊಡ್ಡದಾಗಿ ಆಕಳಿಸಿದ ಅಂತ ಅವನ ಮೇಲೊಂದು ಬೇರೆ ಕೇಸು! 1902ರಲ್ಲಿ ಆ ಆಕಳಿಕೆಗೆ 40 ದಿನ ಜೈಲು. ಸೆರೆಮನೆಯಲ್ಲಿ ಬೈಬಲು ಓದಿಕೊಂಡ.

ಪಾರ್ಲಿಮೆಂಟಿನ ಮೇಲೆ ಅವನಿಗೆ ಅಷ್ಟರಲ್ಲಿ ನಂಬಿಕೆ ಹೋಗಿತ್ತು. 1899ರಲ್ಲಿ ಸದಸ್ಯರ ಸಂಬಳ 800ರಿಂದ 2,000 ಯೆನ್‌ಗೆ ಏರಿದಾಗ ಪೂರಾ ಸಂಬಳವನ್ನೇ ಬೇಡವೆಂದಿದ್ದ. 1901ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟ. ಹೆಂಡತಿ ಕತ್ಸುಗೆ ತನ್ನಿಂದ ತೊಂದರೆಯಾಗಬಾರದು ಅಂತ ವಿಚ್ಛೇದನದ ಕಾಗದ ಕಳಿಸಿದ. ಡಿಸೆಂಬರ್ 10ರಂದು ಪಾರ್ಲಿಮೆಂಟಿನಿಂದ ಹಿಂತಿರುಗುತ್ತಿದ್ದ ಚಕ್ರವರ್ತಿಯ ಸಾರೋಟಿನತ್ತ ಮನವಿಪತ್ರ ಎತ್ತಿ ಹಿಡಿದು ಓಡಿದ. ಅರವತ್ತರ ಮುದುಕ. ತಡೆಯಲು ಬಂದ ಸವಾರ ಕುದುರೆಸಮೇತ ಬಿದ್ದ, ಇವನೂ ಮುಗ್ಗರಿಸಿದ. ಮನವಿ ಚಕ್ರವರ್ತಿಯ ಕೈಗೆ ಮುಟ್ಟಲೇ ಇಲ್ಲ. ಕೇಸು ಹಾಕಿದರೆ ದೊಡ್ಡ ಸುದ್ದಿಯಾಗುತ್ತೆ, ಹಾಗಾಗಿ ಹುಚ್ಚ ಅಂತ ಅದೇ ದಿನ ಬಿಟ್ಟುಕಳಿಸಿದರು. ಸುದ್ದಿಯಂತೂ ಆಗೇ ಆಯಿತು. ಕಾಲೇಜು ಹುಡುಗರು ನೂರಾರು ಸಂಖ್ಯೆಯಲ್ಲಿ ಹಾಳಾದ ಹಳ್ಳಿ ನೋಡಲು ಹೊರಟರು.

ಇಲ್ಲಿಂದ ಮುಂದಿನದು ನಮಗೆ ಬೇಕಾದ ಭಾಗ. ಸ್ವಲ್ಪ ನಿಧಾನವಾಗಿ ಓದಿ.

1902ರಲ್ಲಿ ಸರ್ಕಾರ ಹೊಸ ಸಮಿತಿ ಮಾಡಿತು. ಸಮಿತಿ ಪ್ರಶ್ನೆಯನ್ನೇ ತಿರುಗಿಸಿಬಿಟ್ಟಿತು. ಗಣಿಯ ವಿಷ ಅನ್ನೋ ಮಾತು ಹಿಂದೆ ಸರಿದು, ನದಿಯ ಪೂರ ಅನ್ನೋ ಮಾತು ಮುಂದೆ ಬಂತು. ಪೂರ ತಡೆಯಲು ಏನು ಮಾಡಬೇಕು? ತಗ್ಗು ಪ್ರದೇಶದ ಹಳ್ಳಿಗಳನ್ನು ಖಾಲಿಮಾಡಿಸಿ ಅಲ್ಲಿ ನೀರು ನಿಲ್ಲಿಸಬೇಕು. ಗಣಿ ಇದ್ದಲ್ಲೇ ಇರಲಿ, ಹಳ್ಳಿ ಜಾಗ ಬಿಡಲಿ ಅಂದ ಹಾಗಾಯಿತು. ಪಕ್ಕದ ಸೈತಾಮಾ ಪ್ರಾಂತ್ಯದ ಎರಡು ಹಳ್ಳಿಗಳ ಮೇಲೂ ಕಣ್ಣು ಬಿತ್ತು. ಆ ಹಳ್ಳಿಯವರು ಸಭೆ ಸೇರಿ ಗಟ್ಟಿ ಗೊತ್ತುವಳಿ ಮಾಡಿದರು: ಒಡೆದ ದಂಡೆ ಕಟ್ಟಿಕೊಡದಿದ್ದರೆ ತೆರಿಗೆ ಕೊಡೋದಿಲ್ಲ, ಮಕ್ಕಳನ್ನು ಸೈನ್ಯಕ್ಕೂ ಕಳಿಸೋದಿಲ್ಲ. ಸೈತಾಮಾ ಸರ್ಕಾರ ಹಿಂದೆ ಸರಿಯಿತು. ಆ ಎರಡು ಹಳ್ಳಿ ಉಳಿದವು.

ಉಳಿದದ್ದು ತೊಚಿಗಿಯ ಯಾನಾಕಾ. ಮೂರು ನದಿ ಕೂಡುವ ಜಾಗ, ಸುಮಾರು 450 ಮನೆ, 2,700 ಜನ. ಅದನ್ನು ಒಂದೇ ಏಟಿಗೆ ಮುಗಿಸಲಿಲ್ಲ. 1902ರ ಪೂರಕ್ಕೆ ಒಡೆದ ದಂಡೆಯನ್ನು ಸರ್ಕಾರ ರಿಪೇರಿ ಮಾಡದೆ ಬಿಟ್ಟಿತು. ವರ್ಷ ವರ್ಷವೂ ನೀರು ನುಗ್ಗಿತು, ಬೆಳೆ ಹೋಯಿತು, ಜಮೀನಿನ ಬೆಲೆ ಬಿತ್ತು. ಊರಿನವರು ತಾವೇ ಬುಟ್ಟಿ ಹೊತ್ತು ದಂಡೆ ಕಟ್ಟಿಕೊಂಡರೆ, ಅದು ಕಾನೂನಿಗೆ ವಿರುದ್ಧ ಅಂತ ಕೆಡವಿಸಿದರು. ಆಮೇಲೆ 1904ರ ಡಿಸೆಂಬರ್. ರಷ್ಯದ ಜೊತೆ ಯುದ್ಧ ನಡೆಯುತ್ತಿತ್ತು, ಎಲ್ಲರ ಗಮನ ಅತ್ತ. ತೊಚಿಗಿ ಪ್ರಾಂತ್ಯದ ಸಭೆ ಹೊರಗಿನವರನ್ನು ಬಿಡದೆ ರಾತ್ರಿ ಹೊತ್ತು ಗುಟ್ಟಾಗಿ ಸೇರಿತು. ಯಾನಾಕಾ ಗ್ರಾಮವನ್ನು ಕೊಂಡುಕೊಳ್ಳುವ ಹಣಕ್ಕೆ ಮಂಜೂರಾತಿ ಕೊಟ್ಟಿತು. ಬಜೆಟ್ಟಿನಲ್ಲಿ ಆ ಬಾಬ್ತಿಗೆ ಗ್ರಾಮ ಖರೀದಿ ಅನ್ನೋ ಹೆಸರಿಲ್ಲ, ನೆರೆಹಾವಳಿ ಕಾಮಗಾರಿ ವೆಚ್ಚ ಅಂತ. ಲೆಕ್ಕದ ಪುಸ್ತಕ ನೋಡಿ ಗೊತ್ತಿರುವ ನಮ್ಮ ವ್ಯಾಪಾರಿ ಮಿತ್ರರಿಗೆ ಇದರ ಒಳಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೂ ಕೆಲವು ತಿಂಗಳ ಮುಂಚೆ ಶೋಜೋ ಯಾನಾಕಾಗೆ ಬಂದು ನೆಲೆಸಿದ್ದ. ಭಾಷಣ ಮಾಡಿ ಹೋಗೋದಲ್ಲ, ಅಲ್ಲೇ ವಾಸ. ಗಡ್ಡ ಬಿಟ್ಟುಕೊಂಡು, ಜೊಂಡಿನ ಟೊಪ್ಪಿ ಹಾಕಿಕೊಂಡು, ಕೆಸರಿನಲ್ಲಿ ಮನೆಮನೆ ಅಲೆದ. ಅಧಿಕಾರಿಗಳೂ ಮನೆಮನೆ ಅಲೆದರು, ಅವರ ಕೈಯಲ್ಲಿ ದುಡ್ಡಿತ್ತು. ಇವತ್ತು ಕೊಟ್ಟರೆ ಇಷ್ಟು, ನಾಳೆ ಅದೂ ಇಲ್ಲ ಅಂತ. ಒಂದೊಂದಾಗಿ ಮನೆ ಖಾಲಿಯಾದವು. ಹಿಂದೆ ಇವನ ಜೊತೆ ಟೋಕಿಯೋಗೆ ನಡೆದಿದ್ದ ನದಿಯ ಮೇಲ್ಭಾಗದ ಊರುಗಳವರು ಈಗ ಬಾಯಿಬಿಡಲಿಲ್ಲ. ಯಾನಾಕಾದಲ್ಲಿ ನೀರು ನಿಂತರೆ ತಮ್ಮ ಗದ್ದೆ ಉಳಿಯುತ್ತದಲ್ಲ! ಇಡೀ ಕಥೆಯಲ್ಲಿ ನಮಗೆ ಅತಿ ಕಹಿ ಅನಿಸುವುದು ಈ ನೆರೆಹೊರೆಯ ಮೌನ. ಕಂಪನಿಯ ಲೆಕ್ಕಾಚಾರವಾದರೂ ಅರ್ಥವಾಗುತ್ತೆ. ಶೋಜೋ ಕೂಡ ಸುಲಭದ ಮನುಷ್ಯನಲ್ಲ. ಮುಂಗೋಪಿ, ಬಿಟ್ಟುಹೋದವರನ್ನು ಬೈಯುತ್ತಿದ್ದ, ಉಳಿದವರಿಗೂ ಪಾಠ ಹೇಳುತ್ತಿದ್ದ. ಬರಬರುತ್ತ ತಾನೇ ಆ ಬಡವರಿಂದ ಕಲಿಯಬೇಕು ಅನ್ನೋದು ಅವನಿಗೆ ಹೊಳೆಯಿತು.

1906ರಲ್ಲಿ ಯಾನಾಕಾವನ್ನು ಪಕ್ಕದ ಫುಜಿಯೋಕಾ ಪಟ್ಟಣಕ್ಕೆ ಸೇರಿಸುವ ಪ್ರಸ್ತಾಪ ಬಂತು. ಗ್ರಾಮಸಭೆ ಒಪ್ಪಲಿಲ್ಲ. ಒಪ್ಪದಿದ್ದರೇನಂತೆ, ಜುಲೈ 1ರಿಂದ ಗ್ರಾಮವೇ ಇಲ್ಲ ಅಂತ ಸರ್ಕಾರ ಜಾಹೀರು ಮಾಡಿತು. ಗ್ರಾಮ ಇಲ್ಲದ ಮೇಲೆ ಗ್ರಾಮಸಭೆ ಎಲ್ಲಿ, ತಕರಾರು ಹೇಳೋರು ಯಾರು? ಆಗ ಒಳಾಡಳಿತ ಮಂತ್ರಿಯಾಗಿದ್ದವನು ಹಾರಾ ತಕಾಶಿ. ಮಂತ್ರಿ ಆಗುವುದಕ್ಕೆ ಮುಂಚೆ ಅವನು ಫುರುಕಾವಾ ಗಣಿ ಕಂಪನಿಯ ಉಪಾಧ್ಯಕ್ಷ. ಮುಂದೆ 1918ರಲ್ಲಿ ದೇಶದ ಪ್ರಧಾನಿಯೂ ಆದ, ಅದು ಬೇರೆ ವಿಷಯ.

1907ರಲ್ಲಿ ಭೂಸ್ವಾಧೀನ ಕಾನೂನು ಹೂಡಿದರು. ಆ ಹೊತ್ತಿಗೆ ಉಳಿದಿದ್ದದ್ದು 16 ಮನೆ. ಜೂನ್ 29ರಿಂದ ಜುಲೈ 5ರವರೆಗೆ, ದಿನಕ್ಕೆರಡು ಮೂರರಂತೆ, ಪೋಲೀಸು ಕಾವಲಿನಲ್ಲಿ ಕೆಡವಿದರು. ಜನ ಹೋಗಲಿಲ್ಲ. ಕೆಡವಿದ ಮನೆಯ ಜಾಗದಲ್ಲೇ ಜೊಂಡಿನ ಗುಡಿಸಲು ಹಾಕಿ, ಮಳೆಯಲ್ಲಿ ತೋಯ್ದುಕೊಂಡು ಕೂತರು. ಪರಿಹಾರದ ದರ ಅನ್ಯಾಯ ಅಂತ ದಾವೆ ಹೂಡಿದರು. ದಾವೆ 1919ರವರೆಗೆ ನಡೆದು ಕೊನೆಗೆ ಪರಿಹಾರ ಸ್ವಲ್ಪ ಏರಿತು, ಅಷ್ಟರಲ್ಲಿ ಗುಡಿಸಲೂ ಖಾಲಿಯಾಗಿತ್ತು. ಊರು ಬಿಟ್ಟ ಕೆಲವರನ್ನು 1911ರಲ್ಲಿ ಉತ್ತರದ ಚಳಿಸೀಮೆ ಹೊಕ್ಕೈಡೋಗೆ ಸಾಗಿಸಿದರು.

ಕೊನೇ ವರ್ಷಗಳಲ್ಲಿ ಶೋಜೋ ಮಾಡಿದ ಕೆಲಸ ವಿಚಿತ್ರ. ಎಪ್ಪತ್ತರ ಮುದುಕ ನದಿಗಳ ಗುಂಟ ನಡೆದು ನೀರು ಎಲ್ಲಿ ಎಷ್ಟು ಏರುತ್ತೆ, ಎಲ್ಲಿ ತಡೆಯಾಗುತ್ತೆ ಅಂತ ಜನರನ್ನು ಕೇಳಿ ಬರೆದಿಟ್ಟ. ಇಂಜಿನಿಯರುಗಳ ನಕ್ಷೆ ತಪ್ಪು, ಪೂರದ ಕಾರಣ ಬೇರೆ ಇದೆ ಅಂತ ತೋರಿಸುವ ಹಟ. ಹಾಗೆ ಅಲೆಯುತ್ತಲೇ ಒಬ್ಬ ಹಳ್ಳಿಗನ ಮನೆಯಲ್ಲಿ ಹಾಸಿಗೆ ಹಿಡಿದ. 1913ರ ಸೆಪ್ಟೆಂಬರ್ 4ರಂದು ತೀರಿಕೊಂಡ. ಲಾಭ ಬಂದಿದ್ದ ಹಣ, ಅಪ್ಪನ ಆಸ್ತಿ, ಎಲ್ಲ ಎಂದೋ ಕರಗಿತ್ತು. ಹೆಗಲಿಗೆ ಹಾಕುತ್ತಿದ್ದ ಚೀಲದಲ್ಲಿ ಸಿಕ್ಕಿದ್ದು ಬೈಬಲಿನ ಹೊಸ ಒಡಂಬಡಿಕೆ, ದೇಶದ ಸಂವಿಧಾನದ ಪ್ರತಿ, ದಿನಚರಿ, ನದಿಯಲ್ಲಿ ಹೆಕ್ಕಿದ ಒಂದೆರಡು ಕಲ್ಲು, ಇಂಥವು. ಶವಸಂಸ್ಕಾರಕ್ಕೆ ಹತ್ತಾರು ಸಾವಿರ ಜನ ಸೇರಿದರು. ನಮಗೆ ಬೇಕು, ತಮಗೆ ಬೇಕು ಅಂತ ಊರುಗಳು ಕೇಳಿದ್ದರಿಂದ ಅಸ್ಥಿಯನ್ನು ಹಂಚಿ ಹಲವು ಕಡೆ ಸಮಾಧಿ ಮಾಡಿದರು.

ಗಣಿಯ ವಿಚಾರ ಕೇಳಬೇಕೆ? ಅದು ನಡೆದೇ ನಡೆಯಿತು. 1958ರಲ್ಲಿ ಗಣಿತ್ಯಾಜ್ಯದ ಕಟ್ಟೆ ಒಡೆದು ಕೆಳಗಿನ ಗದ್ದೆಗಳಿಗೆ ಮತ್ತೆ ವಿಷ ನುಗ್ಗಿತು. 1973ರಲ್ಲಿ ಗಣಿ ಮುಚ್ಚಿತು. 1974ರಲ್ಲಿ ಸರ್ಕಾರದ ಮಧ್ಯಸ್ಥಿಕೆಯಲ್ಲಿ ಕಂಪನಿ ರೈತರಿಗೆ 155 ಕೋಟಿ ಯೆನ್ ಕೊಡಲು ಒಪ್ಪಿತು. ಶೋಜೋ ಮೊದಲ ಪ್ರಶ್ನೆ ಕೇಳಿ ಆಗ 83 ವರ್ಷ.

ಯಾನಾಕಾ ಈಗ ಸುಮಾರು 3,300 ಹೆಕ್ಟೇರಿನ ಜೊಂಡಿನ ಬಯಲು. ಹಕ್ಕಿ ನೋಡುವವರು ಬರುತ್ತಾರೆ. 2012ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಅದರ ಒಂದು ಭಾಗದಲ್ಲಿ 1970ರ ದಶಕದಲ್ಲಿ ಜಲಾಶಯ ತೋಡಲು ಬುಲ್ಡೋಜರ್ ಬಂದವು. ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಬಂದು ಹಳೇ ದೇವಸ್ಥಾನದ ದಿಬ್ಬ, ಹಿರಿಯರ ಸ್ಮಶಾನದ ಮುಂದೆ ಅಡ್ಡನಿಂತರು. ಈ ಸಲ ಇಲಾಖೆ ನಕ್ಷೆ ತಿದ್ದಿತು. ಅಷ್ಟು ಜಾಗವನ್ನು ಬಿಟ್ಟು ಸುತ್ತಿಕೊಂಡು ತೋಡಿದ್ದರಿಂದ ಆ ಕೆರೆ ಮೇಲಿಂದ ನೋಡಿದರೆ ಹೃದಯದ ಆಕಾರದಲ್ಲಿ ಕಾಣುತ್ತದೆ. ಒಳಕ್ಕೆ ಚಾಚಿದ ಆ ಮೂಲೆಯಲ್ಲೇ ಯಾನಾಕಾದವರ ಗೋರಿಕಲ್ಲುಗಳಿವೆ.