ರಕ್ತದ ದಾರಿ ಹುಡುಕಿದ ವಿಲಿಯಂ ಹಾರ್ವೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಂದು ವಿಜ್ಞಾನ ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನನಗೆ ನೆನಪಾದದ್ದು ಹತ್ತನೆಯ ತರಗತಿಯ ಒಂದು ಮಧ್ಯಾಹ್ನ. ಕಪ್ಪುಹಲಗೆಯ ಮೇಲೆ ಹೃದಯದ ಚಿತ್ರ ಬರೆದು, ಬಲಭಾಗಕ್ಕೆ ನೀಲಿ, ಎಡಭಾಗಕ್ಕೆ ಕೆಂಪು ಸೀಮೆಸುಣ್ಣ ಹಚ್ಚಿ ಪಾಠ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ರಕ್ತ ಹೀಗೆ ಸುತ್ತುತ್ತದೆಂದು ಮೊದಲು ಕಂಡುಹಿಡಿದವರು ಯಾರು, ಅವರಿಗೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿದಳು. ವಿಲಿಯಂ ಹಾರ್ವೆ, 1628 ಎಂದೆ. ಹೇಗೆ ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪರೀಕ್ಷೆಗೆ ಅಷ್ಟೆಲ್ಲ ಬೇಕಿಲ್ಲ ಎಂದು ಹೇಳಿ ಕೂರಿಸಿಬಿಟ್ಟೆ. ಆ ಮಾತು ಬಹಳ ದಿನ ನನ್ನನ್ನೇ ಚುಚ್ಚಿತು. ಆಮೇಲೆ ಹಾರ್ವೆಯ ಜೀವನವನ್ನು ಓದಿಕೊಂಡೆ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಹಾರ್ವೆ ಹುಟ್ಟಿದ್ದು 1578ರ ಏಪ್ರಿಲ್ 1ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತದ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ. ತಂದೆ ವ್ಯಾಪಾರಿ. ಒಂಬತ್ತು ಮಕ್ಕಳಲ್ಲಿ ಇವನೇ ಹಿರಿಯ. ಕ್ಯಾಂಟರ್ಬರಿಯ ಶಾಲೆಯಲ್ಲೂ ಕೇಂಬ್ರಿಡ್ಜ್‌ನಲ್ಲೂ ಓದಿ, ವೈದ್ಯ ಕಲಿಯಲು ಇಟಲಿಯ ಪಾದುವಾ ವಿಶ್ವವಿದ್ಯಾಲಯಕ್ಕೆ ಹೋದ. ಗೆಲಿಲಿಯೋ ಆಗ ಅಲ್ಲಿಯೇ ಗಣಿತದ ಪ್ರಾಧ್ಯಾಪಕನಾಗಿದ್ದ.

ಆ ಕಾಲದ ವೈದ್ಯರೆಲ್ಲ ನಂಬಿದ್ದು ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್‌ನ ಮಾತನ್ನು. ನಾವು ತಿಂದ ಅನ್ನ ಯಕೃತ್ತಿನಲ್ಲಿ ರಕ್ತವಾಗುತ್ತದೆ, ಆ ರಕ್ತ ಅಭಿಧಮನಿಗಳ ಮೂಲಕ ಅಂಗಾಂಗಗಳಿಗೆ ಹರಿದು ಅಲ್ಲೇ ಮುಗಿದುಹೋಗುತ್ತದೆ ಎಂಬುದು ಅವನ ಸಿದ್ಧಾಂತ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಕಾಲುವೆಯ ನೀರು ಗದ್ದೆಗೆ ಹೋಗಿ ಇಂಗಿದಂತೆ. ಹೋದ ನೀರು ಮರಳಿ ಬರುವುದಿಲ್ಲ, ಕೆರೆಯಿಂದ ಹೊಸ ನೀರು ಬರುತ್ತಲೇ ಇರಬೇಕು. ಸುಮಾರು 1400 ವರ್ಷ ಇದೇ ಪಾಠ ನಡೆಯಿತು. ಹೃದಯದ ಬಲಭಾಗದ ರಕ್ತ ಶ್ವಾಸಕೋಶದ ಮೂಲಕ ಎಡಭಾಗಕ್ಕೆ ಬರುತ್ತದೆಂದು 13ನೆಯ ಶತಮಾನದಲ್ಲೇ ಅರಬ್ ವೈದ್ಯ ಇಬ್ನ್ ಅಲ್ ನಫೀಸ್ ಬರೆದಿದ್ದ. ಪಾದುವಾದಲ್ಲಿ ಪಾಠ ಹೇಳಿದ್ದ ಕೊಲಂಬೊ ಕೂಡ ಹೀಗೆಯೇ ಬರೆದಿದ್ದ. ಆದರೆ ರಕ್ತ ಇಡೀ ದೇಹವನ್ನು ಸುತ್ತಿ ಬರುತ್ತದೆಂದು ತೋರಿಸಿಕೊಟ್ಟವರು ಇರಲಿಲ್ಲ.

ಪಾದುವಾದಲ್ಲಿ ಹಾರ್ವೆಯ ಗುರು ಫ್ಯಾಬ್ರೀಶಿಯಸ್. ಅಭಿಧಮನಿಗಳ ಒಳಗೆ ಪುಟ್ಟ ಪುಟ್ಟ ಕವಾಟಗಳಿರುವುದನ್ನು ಅವನು ಶಿಷ್ಯರಿಗೆ ತೋರಿಸುತ್ತಿದ್ದ. ರಕ್ತ ರಭಸವಾಗಿ ಇಳಿದು ಕೈಕಾಲುಗಳಲ್ಲಿ ನಿಂತುಬಿಡದಂತೆ ಅವು ತಡೆಯುತ್ತವೆ ಎಂದು ಅವನು ತಿಳಿದಿದ್ದ. ಬೀಗದ ಕೈ ಗುರುವಿನ ಕೈಯಲ್ಲೇ ಇತ್ತು, ಬಾಗಿಲು ಯಾವುದೆಂದು ಅವನಿಗೆ ತಿಳಿಯಲಿಲ್ಲ. ಶಿಷ್ಯ ಆ ಕವಾಟಗಳನ್ನು ಮರೆಯಲಿಲ್ಲ. ಅವೆಲ್ಲ ಹೃದಯದ ಕಡೆಗೇ ಏಕೆ ತೆರೆದುಕೊಳ್ಳುತ್ತವೆ ಎಂಬ ಪ್ರಶ್ನೆಯನ್ನು ಅವನು ಬಿಡಲಿಲ್ಲ.

1602ರಲ್ಲಿ ಪದವಿ ಪಡೆದು ಲಂಡನ್ನಿಗೆ ಮರಳಿದ ಹಾರ್ವೆ 1609ರಲ್ಲಿ ಬಡವರ ಆಸ್ಪತ್ರೆಯಾಗಿದ್ದ ಸೇಂಟ್ ಬಾರ್ತಲೋಮಿಯೋದ ವೈದ್ಯನಾದ. ಮುಂದೆ ರಾಜರಾದ ಮೊದಲನೆಯ ಜೇಮ್ಸ್‌ಗೂ ಮೊದಲನೆಯ ಚಾರ್ಲ್ಸ್‌ಗೂ ವೈದ್ಯನಾದ. ಇದರ ನಡುವೆ ನಾಯಿ, ಕಪ್ಪೆ, ಹಾವು, ಮೀನುಗಳ ಹೃದಯವನ್ನು ವರ್ಷಗಟ್ಟಲೆ ಪರೀಕ್ಷಿಸಿದ. ಬಿಸಿರಕ್ತದ ಪ್ರಾಣಿಗಳ ಹೃದಯ ಕಣ್ಣಿಗೆ ಸಿಗದಷ್ಟು ವೇಗವಾಗಿ ಬಡಿಯುತ್ತಿತ್ತು. ಈ ಚಲನೆ ದೇವರೊಬ್ಬನಿಗೇ ಗೊತ್ತೇನೋ ಎಂದು ಮೊದಮೊದಲು ಅವನಿಗೂ ಅನ್ನಿಸಿತ್ತು. ಕಪ್ಪೆ, ಹಾವುಗಳ ನಿಧಾನವಾದ ಹೃದಯವನ್ನು ನೋಡಿದಾಗ ವಿಷಯ ತಿಳಿಯಾಯಿತು. ಹೃದಯ ಸಂಕುಚಿಸಿ ಗಟ್ಟಿಯಾಗುವ ಕ್ಷಣದಲ್ಲೇ ಅಪಧಮನಿ ಉಬ್ಬುತ್ತದೆ. ಅಂದರೆ ಹೃದಯವು ರಕ್ತವನ್ನು ಹೊರಕ್ಕೆ ತಳ್ಳುವ ಸ್ನಾಯು. ಹಾವಿನ ಹೃದಯಕ್ಕೆ ಬರುವ ಅಭಿಧಮನಿಯನ್ನು ಒತ್ತಿ ಹಿಡಿದರೆ ಹೃದಯ ಬರಿದಾಗಿ ಬಿಳಿಚಿಕೊಂಡಿತು. ಹೊರಡುವ ಅಪಧಮನಿಯನ್ನು ಒತ್ತಿ ಹಿಡಿದರೆ ರಕ್ತ ತುಂಬಿ ಉಬ್ಬಿತು.

ಮುಂದಿನ ಹೆಜ್ಜೆಗೆ ಅವನಿಗೆ ಬೇಕಾದದ್ದು ನಮ್ಮ ಮಕ್ಕಳು ಬಾಯಲ್ಲೇ ಹೇಳಬಲ್ಲ ಗುಣಾಕಾರ. ಒಂದು ಬಡಿತಕ್ಕೆ ಅರ್ಧ ಔನ್ಸ್, ಎಂದರೆ ಸುಮಾರು 14 ಗ್ರಾಂ ರಕ್ತ ಮಾತ್ರ ಹೊರಬೀಳುತ್ತದೆ ಎಂದಿಟ್ಟುಕೊಳ್ಳೋಣ. ಅರ್ಧ ಗಂಟೆಯಲ್ಲಿ ಹೃದಯ 1000 ಸಲ ಬಡಿಯುತ್ತದೆ ಎಂದೇ ಇಟ್ಟುಕೊಳ್ಳೋಣ. ಎರಡನ್ನೂ ಬೇಕೆಂದೇ ಕಡಿಮೆ ಹಿಡಿದರೂ ಅರ್ಧ ಗಂಟೆಗೆ ಸುಮಾರು 14 ಕಿಲೋ ರಕ್ತವಾಯಿತು. ಅಷ್ಟು ರಕ್ತ ಇಡೀ ದೇಹದಲ್ಲೇ ಇಲ್ಲ. ಯಾವ ಮನುಷ್ಯ ಅರ್ಧ ಗಂಟೆಗೊಮ್ಮೆ 14 ಕಿಲೋ ರಕ್ತವಾಗುವಷ್ಟು ಉಣ್ಣಬಲ್ಲ? ಹಾಗಾದರೆ ರಕ್ತ ಹೊಸದಾಗಿ ಹುಟ್ಟುತ್ತಿಲ್ಲ. ಹೋದದ್ದೇ ಮರಳಿ ಬರುತ್ತಿದೆ.

ಮರಳುವ ದಾರಿಯನ್ನು ಅವನು ಒಂದು ಬಟ್ಟೆಪಟ್ಟಿಯಿಂದ ತೋರಿಸಿದ. ತೋಳಿಗೆ ಬಲು ಬಿಗಿಯಾಗಿ ಕಟ್ಟಿದರೆ ಆಳದಲ್ಲಿರುವ ಅಪಧಮನಿಯೂ ಮುಚ್ಚಿ ಕೈ ತಣ್ಣಗಾಗುತ್ತದೆ. ಕೊಂಚ ಸಡಿಲಿಸಿದರೆ ಅಪಧಮನಿ ತೆರೆದು ರಕ್ತ ಕೈಗೆ ನುಗ್ಗುತ್ತದೆ, ಆದರೆ ಚರ್ಮದಡಿಯ ಅಭಿಧಮನಿ ಮುಚ್ಚಿಯೇ ಇರುವುದರಿಂದ ಹಿಂದಿರುಗಲಾರದೆ ಕೈ ಕೆಂಪಗೆ ಊದಿಕೊಳ್ಳುತ್ತದೆ. ಅಪಧಮನಿಯಲ್ಲಿ ಬಂದ ರಕ್ತ ಅಭಿಧಮನಿಯಲ್ಲಿ ಮರಳುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕೆ? ಗುರು ತೋರಿಸಿದ್ದ ಕವಾಟಗಳ ಅರ್ಥವೂ ಈಗ ತಿಳಿಯಿತು. ಮರಳುವ ರಕ್ತ ಹಿಂದಕ್ಕೆ ಜಾರದಂತೆ ಕಾಯುವ ಬಾಗಿಲುಗಳು ಅವು.

1628ರಲ್ಲಿ, ತನ್ನ 50ನೆಯ ವಯಸ್ಸಿನಲ್ಲಿ, ಹಾರ್ವೆ ಇದೆಲ್ಲವನ್ನೂ ಲ್ಯಾಟಿನ್ ಭಾಷೆಯ 72 ಪುಟಗಳ ಪುಸ್ತಕವಾಗಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಅಚ್ಚು ಹಾಕಿಸಿದ. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಅವನಿಗೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು, ರೋಗಿಗಳು ದೂರವಾದರು. ಪ್ಯಾರಿಸ್ಸಿನ ಹೆಸರಾಂತ ಅಂಗರಚನಾ ಪಂಡಿತ ರಿಯೊಲಾನ್ ಕೊನೆಗೂ ಒಪ್ಪಲಿಲ್ಲ. ಹಾರ್ವೆ ವರ್ಷಗಟ್ಟಲೆ ಮೌನವಾಗಿದ್ದು, 1649ರಲ್ಲಿ ಅವನಿಗೆ ಸೌಜನ್ಯದಿಂದಲೇ ಉತ್ತರ ಬರೆದ.

ಅಷ್ಟರಲ್ಲಿ ದೇಶದಲ್ಲಿ ಅಂತರ್ಯುದ್ಧ ನಡೆದಿತ್ತು. ಅವನು ರಾಜನ ಜೊತೆಗಿದ್ದಾಗ ಲಂಡನ್ನಿನ ಅವನ ವಸತಿಗೆ ಸೈನಿಕರು ನುಗ್ಗಿದರು. ಕೀಟಗಳ ಹುಟ್ಟಿನ ಬಗ್ಗೆ ಬರೆದಿಟ್ಟಿದ್ದ ಹಲವು ವರ್ಷಗಳ ಟಿಪ್ಪಣಿಗಳು ನಾಶವಾದವು. ಹೋದ ವಸ್ತುಗಳಿಗಿಂತ ಆ ಕಾಗದಗಳಿಗಾಗಿ ಅವನು ಹೆಚ್ಚು ಮರುಗಿದ.

ಅವನ ಸಿದ್ಧಾಂತದಲ್ಲಿ ಒಂದು ಕೊಂಡಿ ಮಾತ್ರ ಕಾಣದೆ ಉಳಿದಿತ್ತು. ಅಪಧಮನಿಯ ಕೊನೆಯಿಂದ ಅಭಿಧಮನಿಯ ಮೊದಲಿಗೆ ರಕ್ತ ಹೇಗೆ ದಾಟುತ್ತದೆ? ಬರಿಗಣ್ಣಿಗೆ ಅದು ಕಾಣುವಂತಿರಲಿಲ್ಲ. ದಾರಿ ಇದ್ದೇ ಇರಬೇಕು ಎಂದು ಲೆಕ್ಕದ ಬಲದಿಂದಲೇ ಅವನು ನಂಬಿದ. 1657ರ ಜೂನ್ 3ರಂದು, 79ನೆಯ ವಯಸ್ಸಿನಲ್ಲಿ, ಅದನ್ನು ಕಾಣದೆಯೇ ತೀರಿಕೊಂಡ. ನಾಲ್ಕು ವರ್ಷಗಳ ನಂತರ, 1661ರಲ್ಲಿ, ಇಟಲಿಯ ಮಾಲ್ಪೀಗಿ ಸೂಕ್ಷ್ಮದರ್ಶಕದಡಿ ಕಪ್ಪೆಯ ಶ್ವಾಸಕೋಶವನ್ನಿಟ್ಟು ಕೂದಲಿಗಿಂತ ಸಣ್ಣದಾದ ಲೋಮನಾಳಗಳನ್ನು ಕಂಡ. ಹಾರ್ವೆ ಇರಬೇಕೆಂದ ದಾರಿ ಅದೇ.

ನಮ್ಮ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ಒಂದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ ಎಂದು ಈಗ ಗೊತ್ತಿದೆ. ದೇಹದ ರಕ್ತವೆಲ್ಲ ಸೇರಿದರೂ ಸುಮಾರು ಅಷ್ಟೇ. ಹಾರ್ವೆ ಹಿಡಿದ ಲೆಕ್ಕ ನಿಜಕ್ಕಿಂತ ಬಹಳ ಕಡಿಮೆಯಾಗಿತ್ತು, ಆದರೂ ಗೇಲನ್‌ನನ್ನು ಸೋಲಿಸಲು ಅದು ಸಾಕಾಯಿತು.

ವಿದ್ಯಾರ್ಥಿಗಳೇ, ಹಾರ್ವೆ ತೋರಿಸಿದ ಒಂದು ಪ್ರಯೋಗಕ್ಕೆ ಪ್ರಯೋಗಾಲಯವೂ ಬೇಡ. ಕೈಯನ್ನು ಸ್ವಲ್ಪ ಹೊತ್ತು ಇಳಿಬಿಡಿ. ಮುಂಗೈಯಲ್ಲಿ ನಾವು ಮಾತಿಗೆ ನರ ಎನ್ನುವ ಅಭಿಧಮನಿ ಎದ್ದು ಕಾಣುತ್ತದೆ. ಮಣಿಕಟ್ಟಿನ ಹತ್ತಿರ ಅದನ್ನು ಒಂದು ಬೆರಳಿನಿಂದ ಒತ್ತಿ, ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈ ಕಡೆಗೆ ನೀವಿ ಬಿಡಿ. ಕವಾಟದವರೆಗಿನ ಭಾಗ ಬರಿದಾಗಿಯೇ ಉಳಿಯುತ್ತದೆ, ಮೇಲಿನಿಂದ ರಕ್ತ ಇಳಿಯುವುದಿಲ್ಲ. ಕೆಳಗಿನ ಬೆರಳೆತ್ತಿದೊಡನೆ ತುಂಬಿಕೊಳ್ಳುತ್ತದೆ.

ಆ ಮಧ್ಯಾಹ್ನ ನಾನು ಆ ಹುಡುಗಿಗೆ ಇಷ್ಟು ತೋರಿಸಿದ್ದರೆ ಸಾಕಿತ್ತು. ಎರಡು ನಿಮಿಷದ ಕೆಲಸ. ಈಗ ಅವಳು ಯಾವ ಊರಿನಲ್ಲಿದ್ದಾಳೋ ತಿಳಿಯದು. ಈ ಸಂಚಿಕೆ ಅವಳ ಕೈ ಸೇರಿದರೆ, ತಡವಾಗಿ ಬಂದ ಈ ಉತ್ತರವನ್ನು ತನ್ನ ಮೇಷ್ಟ್ರ ಕಡೆಯಿಂದ ಬಂದದ್ದೆಂದು ಸ್ವೀಕರಿಸಲಿ.