ತಾನು ಬರೆದ ಚಿತ್ರಗಳನ್ನು ನೋಡದೇ ಹೋದ ತ್ರಿವೇಣಿ

ಭೂತ-ಪ್ರೇತಗಳ ಸುಳಿವಿಲ್ಲದೆಯೂ ಎದೆ ನಡುಗಿಸಿದ ಕನ್ನಡ ಚಿತ್ರವೊಂದಿದ್ದರೆ ಅದು ‘ಶರಪಂಜರ’. 1971ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಈ ಚಿತ್ರದ ಕಾವೇರಿಯಾಗಿ ಕಲ್ಪನಾ ಮನೆಮಾತಾದರು. ಆದರೆ ಕಾವೇರಿಯನ್ನು ಸೃಷ್ಟಿಸಿದ ಲೇಖಕಿ ಅಷ್ಟರಲ್ಲಿ ತೀರಿಕೊಂಡು ಎಂಟು ವರ್ಷಗಳಾಗಿದ್ದವು.

ತ್ರಿವೇಣಿ ಎಂಬುದು ಕಾವ್ಯನಾಮ. ನಿಜನಾಮ ಅನಸೂಯಾ ಶಂಕರ್. 1928ರ ಸೆಪ್ಟೆಂಬರ್ 1ರಂದು ಜನಿಸಿದ ಅವರು ‘ಕನ್ನಡದ ಕಣ್ವ’ ಬಿ.ಎಂ.ಶ್ರೀ. ಅವರ ಮನೆತನದವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಸಿಸಿ ಪದವಿ ಪಡೆದರು. ಕೆಲಕಾಲ ಮಂಡ್ಯದಲ್ಲಿ ಶಿಕ್ಷಕಿಯಾಗಿದ್ದರು. ಇಂಗ್ಲಿಷ್ ಅಧ್ಯಾಪಕ ಎಸ್.ಎನ್. ಶಂಕರ್ ಅವರನ್ನು ವರಿಸಿ ಮೈಸೂರಿನಲ್ಲಿ ನೆಲೆಸಿದರು.

1953ರಲ್ಲಿ ಮೊದಲ ಕಾದಂಬರಿ ‘ಅಪಸ್ವರ’ ಬೆಳಕು ಕಂಡಿತು. ಮುಂದಿನ ಹತ್ತೇ ವರ್ಷಗಳಲ್ಲಿ ಸುಮಾರು 20 ಕಾದಂಬರಿಗಳು, ಮೂರು ಕಥಾಸಂಕಲನಗಳು ಹೊರಬಂದವು. ಮಾನಸಿಕ ಕಾಯಿಲೆಯನ್ನು ಗಾಳಿ ಸೋಕಿತೆಂದೋ ದೆವ್ವದ ಕಾಟವೆಂದೋ ಭಾವಿಸಿ ಮಂತ್ರವಾದಿಗಳ ಮೊರೆ ಹೋಗುತ್ತಿದ್ದ ಕಾಲದಲ್ಲಿ, ಅದೂ ಚಿಕಿತ್ಸೆಗೆ ಒಗ್ಗುವ ರೋಗವೆಂಬ ತಿಳಿವಳಿಕೆಯನ್ನು ಅವರು ಕಥೆಯ ಮೂಲಕವೇ ಓದುಗರ ಮನೆಗಳಿಗೆ ತಲುಪಿಸಿದರು.

‘ಶರಪಂಜರ’ದ ಕಾವೇರಿ ಎರಡನೆಯ ಹೆರಿಗೆಯ ನಂತರ ಚಿತ್ತಸ್ವಾಸ್ಥ್ಯ ಕಳೆದುಕೊಳ್ಳುತ್ತಾಳೆ. ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮರಳುತ್ತಾಳೆ. ನಿಜವಾದ ಭಯ ಆರಂಭವಾಗುವುದು ಅಲ್ಲಿಂದಲೇ. ನೆರೆಹೊರೆ ಅವಳನ್ನು ಶಂಕೆಯಿಂದ ನೋಡುತ್ತದೆ. ಪತಿ ದೂರ ಸರಿದು ಪರಸ್ತ್ರೀಯ ಸಂಗ ಬಯಸುತ್ತಾನೆ. ವೈದ್ಯರು ಗುಣಪಡಿಸಿದ ಮನಸ್ಸನ್ನು ಮನೆಯವರೇ ಮತ್ತೆ ಒಡೆಯುತ್ತಾರೆ. ಕಾವೇರಿಯನ್ನು ಸುತ್ತುವರಿದ ಬಾಣಗಳ ಪಂಜರ ಇದೇ.

ವಿಧಿಯ ಕ್ರೌರ್ಯ ನೋಡಿ. ಬಾಣಂತಿಯ ಸಂಕಟವನ್ನು ಇಷ್ಟು ಆಳವಾಗಿ ಬರೆದ ತ್ರಿವೇಣಿ, ಹೆಣ್ಣುಮಗುವಿಗೆ ಜನ್ಮ ನೀಡಿದ ಕೆಲವೇ ದಿನಗಳಲ್ಲಿ, 1963ರ ಜುಲೈ 29ರಂದು ಕೊನೆಯುಸಿರೆಳೆದರು. ಆಗ ಅವರಿಗಿನ್ನೂ 35 ತುಂಬಿರಲಿಲ್ಲ.

ಚಿತ್ರರಂಗ ಅವರ ಕೃತಿಗಳನ್ನು ಕೈಗೆತ್ತಿಕೊಂಡದ್ದು ಆ ಬಳಿಕ. ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಪುಟ್ಟಣ್ಣ 1966ರಲ್ಲಿ ‘ಪೂಚ್ಚಕ್ಕಣ್ಣಿ’ ಹೆಸರಿನಲ್ಲಿ ಮಲಯಾಳಂನಲ್ಲಿ ತೆರೆಗೆ ತಂದರು. 1967ರಲ್ಲಿ ‘ಬೆಳ್ಳಿಮೋಡ’, 1968ರಲ್ಲಿ ‘ಹಣ್ಣೆಲೆ ಚಿಗುರಿದಾಗ’ ತೆರೆಕಂಡವು. ‘ಶರಪಂಜರ’ಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಂದಿತು. 1993ರಷ್ಟು ಈಚೆಗೆ ‘ಹೂವು ಹಣ್ಣು’ ಸಹ ಚಿತ್ರವಾಯಿತು. ಇವುಗಳಲ್ಲಿ ಒಂದನ್ನೂ ನೋಡುವ ಭಾಗ್ಯ ಮೂಲ ಲೇಖಕಿಗೆ ಇರಲಿಲ್ಲ.

ಮಾನಸಿಕ ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ಇಂದಿಗೂ ನಮ್ಮ ಸಮಾಜ ಸುಲಭವಾಗಿ ನಂಬುವುದಿಲ್ಲ. ತ್ರಿವೇಣಿಯವರ ಕಾವೇರಿ ಹಳೆಯ ಕಾಲದವಳೆಂದು ಅನಿಸದಿರಲು ಅದೇ ಕಾರಣ.