ಸುರಪುರದ ಗುಡ್ಡದ ಮೇಲಿನ ಬಂಗಲೆ

ಎರಡನೇ ಸಲವೂ ಎಫ್‌ಡಿಎ ಪಟ್ಟಿಯಲ್ಲಿ ನನ್ನ ನಂಬರ್ ಇರಲಿಲ್ಲ. ಧಾರವಾಡದ ರೂಮು ಖಾಲಿ ಮಾಡಿ, ಪುಸ್ತಕದ ಚೀಲ ಹೊತ್ತು ಗುರುಮಠಕಲ್‌ಗೆ ವಾಪಸ್ ಬಂದೆ. ಊರಲ್ಲಿ ಎದುರಾದವರೆಲ್ಲ ಕೇಳುತ್ತಿದ್ದುದು ಮುಂದೇನು ಅಂತ ಒಂದೇ ಪ್ರಶ್ನೆ. ಅದನ್ನು ತಪ್ಪಿಸಿಕೊಳ್ಳಲೆಂದೇ, ಸುರಪುರದ ಗೆಳೆಯ ಕರೆದ ಕೂಡಲೇ ಯಾದಗಿರಿ ಬಸ್ ಹತ್ತಿದೆ. ಅಲ್ಲಿಂದ ಶಹಾಪುರ, ಮುಂದೆ ಸುರಪುರ.

ಸಂಜೆ ಅವನು ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೆ ಕರೆದುಕೊಂಡು ಹೋದ. ಹೆಸರು ಚಿಕ್ಕಂದಿನಿಂದ ಕೇಳಿದ್ದೆ. ಇಂಗ್ಲೆಂಡಿನಲ್ಲಿ ದೊಡ್ಡ ಓದು ಓದಿ ಬಂದ ಯಾವನೋ ಸಾಹೇಬ ಕಟ್ಟಿಸಿರಬೇಕು ಅಂದುಕೊಂಡಿದ್ದೆ. ಊರಿಗೆ ಮರಳಿ ಅವನ ಬಗ್ಗೆ ಓದಿದಾಗ ನನ್ನ ಎಣಿಕೆ ತಲೆಕೆಳಗಾಯಿತು.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲ್‌ನಲ್ಲಿ. ತಂದೆ ವ್ಯಾಪಾರಿ. ಮನೆಯ ವಹಿವಾಟು ಕೆಟ್ಟಿತ್ತು. ಹುಡುಗ ಓದು ಬಿಟ್ಟು ಗುಮಾಸ್ತೆಯಾದ. 1824ರಲ್ಲಿ, ಹದಿನೈದರ ವಯಸ್ಸಿಗೆ, ಮುಂಬಯಿಯ ವರ್ತಕನೊಬ್ಬನ ಬಳಿ ಕೆಲಸಕ್ಕೆಂದು ಹಡಗು ಹತ್ತಿದ. ಮುಂದೆ ಪಾಲುದಾರಿಕೆಯನ್ನೂ ಕೊಡುವ ಮಾತಾಗಿತ್ತು. ಬಂದು ನೋಡಿದರೆ ಆ ಅಂಗಡಿಯೇ ಮುಳುಗುವ ಹಂತದಲ್ಲಿತ್ತು. ಆಫರ್ ಲೆಟರ್ ಹಿಡಿದುಕೊಂಡು ಬೆಂಗಳೂರಿಗೆ ಹೋಗಿ ಮೋಸಹೋದ ನಮ್ಮೂರ ಹುಡುಗರು ನೆನಪಾದರು. ನಂಟರೊಬ್ಬರ ಶಿಫಾರಸಿನಿಂದ ಅವನಿಗೆ ನಿಜಾಮರ ಸೈನ್ಯದಲ್ಲಿ ಜಾಗ ಸಿಕ್ಕಿತು. ಶಿಫಾರಸು ಅಂದಿಗೂ ಇತ್ತು ಅನ್ನಿ!

ಆದರೆ ಅದು ಈಸ್ಟ್ ಇಂಡಿಯಾ ಕಂಪನಿಯ ಕಾಯಂ ನೌಕರಿಯಲ್ಲ. ಕಂಪನಿ ಅಧಿಕಾರಿಗಳ ಕಣ್ಣಿಗೆ ನಿಜಾಮರ ನೌಕರರು ಒಂದು ಮೆಟ್ಟಿಲು ಕೆಳಗೆ. ಟೇಲರ್ ಇಲ್ಲಿನ ಭಾಷೆ ಕಲಿತ. ಕಾನೂನು, ಭೂಮಾಪನ, ಕಟ್ಟಡ ಕೆಲಸ ಎಲ್ಲವನ್ನೂ ತಾನೇ ಓದಿಕೊಂಡ. ಇಪ್ಪತ್ತರ ಆಸುಪಾಸಿನಲ್ಲಿ ಪೊಲೀಸ್ ಕೆಲಸದಲ್ಲಿದ್ದಾಗ, ದಾರಿಹೋಕರು ಕೊಲೆಯಾಗುವ ಪ್ರಕರಣಗಳ ಬೆನ್ನುಹತ್ತಿದ. ಸುಳಿವು ಸಿಗುವ ಹೊತ್ತಿಗೆ ಅವನನ್ನು ಸೈನ್ಯಕ್ಕೆ ವಾಪಸ್ ಕರೆದರು. ಥಗ್ಗರ ಜಾಲ ಬಯಲು ಮಾಡಿದ ಕೀರ್ತಿ ಸ್ಲೀಮನ್ ಎಂಬ ಇನ್ನೊಬ್ಬ ಅಧಿಕಾರಿಯ ಪಾಲಾಯಿತು. ಈ ಸಂಕಟ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಅವನು ಸುಮ್ಮನೆ ಕೂರಲಿಲ್ಲ. ಮುಂದೆ ಸಿಕ್ಕಿಬಿದ್ದ ಥಗ್ಗರ ಹೇಳಿಕೆಗಳನ್ನು ತಾನೇ ಕೂತು ಕೇಳಿ ಬರೆದುಕೊಂಡಿದ್ದ. ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ, 1839ರಲ್ಲಿ, ಅದೇ ವಸ್ತುವಿನ ಕಾದಂಬರಿ ಕನ್ಫೆಷನ್ಸ್ ಆಫ್ ಎ ಥಗ್ ಪ್ರಕಟವಾಯಿತು. ಜನ ಮುಗಿಬಿದ್ದು ಓದಿದರು. ಪೊಲೀಸ್ ಕೆಲಸದಲ್ಲಿ ಕೈತಪ್ಪಿದ್ದು ಬರವಣಿಗೆಯಲ್ಲಿ ಸಿಕ್ಕಿತು.

ಇಷ್ಟು ಹೆಸರು ಬಂದ ಮೇಲೆ ಲಂಡನ್ನಿನಲ್ಲೇ ಉಳಿಯಬಹುದಿತ್ತು. ಮರಳಿ ಬಂದ. 1841ರಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಅವನನ್ನು ಕಳಿಸಿದರು. ಸಂಸ್ಥಾನ ಸಾಲದಲ್ಲಿತ್ತು, ಅರಮನೆಯಲ್ಲಿ ಜಗಳವಿತ್ತು, ರಾಜಾ ವೆಂಕಟಪ್ಪ ನಾಯಕ ಏಳೆಂಟು ವರ್ಷದ ಹುಡುಗ. ಹನ್ನೆರಡು ವರ್ಷ ಟೇಲರ್ ಅಲ್ಲಿದ್ದ. ಲೆಕ್ಕಪತ್ರ ಸರಿಪಡಿಸಿದ, ಕೆರೆಗಳತ್ತ ಗಮನ ಕೊಟ್ಟ, 1844ರಲ್ಲಿ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ. ಸುರಪುರದಲ್ಲಿದ್ದುಕೊಂಡೇ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ವರದಿ ಬರೆದ. ರಾಜನಕೋಳೂರಿನ ಹೊಲಗಳಲ್ಲಿ ಜನ ಮೋರೇರ ಮನೆ ಎನ್ನುವ ಕಲ್ಲಿನ ಗೋರಿಗಳಿವೆಯಲ್ಲ, ಅವುಗಳನ್ನು ಅಳೆದು, ಚಿತ್ರ ಬರೆದು, ಪ್ರಪಂಚಕ್ಕೆ ತಿಳಿಸಿದವನೂ ಇವನೇ. ಅದನ್ನು ಮಾಡೆಂದು ಯಾವ ಮೇಲಧಿಕಾರಿಯೂ ಹೇಳಿರಲಿಲ್ಲ. ಈ ಭಾಗ ಓದುವಾಗ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಜಿಲ್ಲೆಯ ಕಲ್ಲುಗಳವು. ಸಾಮಾನ್ಯ ಜ್ಞಾನದ ಗೈಡಿನಲ್ಲಿ ಈಜಿಪ್ಟಿನ ಪಿರಮಿಡ್ಡಿನ ಎತ್ತರ ಬಾಯಿಪಾಠ ಮಾಡಿದ್ದ ನಾನು ಇವನ್ನು ಒಮ್ಮೆಯೂ ನೋಡಿರಲಿಲ್ಲ.

ಅವನನ್ನು ದೇವರು ಮಾಡುವ ಉದ್ದೇಶ ನನಗಿಲ್ಲ. ಎಷ್ಟೇ ಒಳ್ಳೆಯವನಾದರೂ ಅವನು ಬ್ರಿಟಿಷರ ಹಿತ ಕಾಯಲು ಬಂದವನು. ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1853ರಲ್ಲಿ ರಾಜ್ಯ ಆ ಹುಡುಗನ ಕೈಗೆ ಬಂತು, ಟೇಲರ್ ನಳದುರ್ಗದ ಕಡೆ ಹೋದ. 1857ರ ಗಲಭೆಯಲ್ಲಿ ಅವನನ್ನು ಬೇರಾರಿಗೆ ಅಟ್ಟಿದರು, ಜೊತೆಗೆ ಕೊಡಲು ಸೈನ್ಯವಿರಲಿಲ್ಲ. ಜನರ ನಂಬಿಕೆಯ ಬಲದಿಂದಲೇ ಜಿಲ್ಲೆಯನ್ನು ಶಾಂತವಾಗಿಟ್ಟ. ಅತ್ತ 1858ರ ಫೆಬ್ರವರಿಯಲ್ಲಿ ಅವನು ಬೆಳೆಸಿದ ಹುಡುಗನೇ ಬ್ರಿಟಿಷರ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಯಾದ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ, ಅವನ ಪರವಾಗಿ ಮಾತಾಡಿದ. ಮರಣದಂಡನೆ ತಪ್ಪಿತು, ಶಿಕ್ಷೆ ಕಡಿಮೆಯಾಯಿತು. ಆದರೆ ಹೈದರಾಬಾದಿನಿಂದ ಸಾಗಿಸುವ ದಾರಿಯಲ್ಲೇ ರಾಜ ಗುಂಡೇಟಿನಿಂದ ಸತ್ತ. ತಾನೇ ಹೊಡೆದುಕೊಂಡನೋ, ಕೊಂದರೋ, ಸುರಪುರದಲ್ಲಿ ಆ ವಾದ ಇನ್ನೂ ಮುಗಿದಿಲ್ಲ. ಬಂಗಲೆಯ ಕಟ್ಟೆಯ ಮೇಲೆ ಕೂತು ಗೆಳೆಯ ಇದನ್ನು ಹೇಳುವಾಗ ಅವನ ದನಿ ತಗ್ಗಿತ್ತು. ಆ ಅಪ್ಪನ ಪಾಡು ಏನಾಗಿರಬೇಕು ಎಂದು ನಾನು ಕೇಳಲಿಲ್ಲ.

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಇಂಗ್ಲೆಂಡಿಗೆ ಮರಳಿದ. ತಾರಾ, ಸೀತಾ ಮುಂತಾದ ಕಾದಂಬರಿಗಳನ್ನು ಬರೆದ. ಕಣ್ಣು ಮಂಜಾಗುತ್ತ ಬಂದರೂ 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದ. ಜ್ವರ ಹಿಡಿಯಿತು. ತಾಯ್ನಾಡಿಗೆ ಮರಳುವ ದಾರಿಯಲ್ಲಿ, 1876ರ ಮೇ ತಿಂಗಳಲ್ಲಿ, ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಅವನ ಆತ್ಮಕಥೆ ಅಚ್ಚಾಗಿದ್ದು ಮರುವರ್ಷ.

ನಾನು ಮತ್ತೆ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ. ಮನೆ ನಡೆಯಬೇಕಲ್ಲ. ಕಳೆದ ಭಾನುವಾರ ಮಾತ್ರ ಗೈಡು ಮುಚ್ಚಿಟ್ಟು, ಒಂದು ನೋಟ್‌ಬುಕ್ಕು, ಅಳತೆ ಟೇಪು ಹಿಡಿದು ರಾಜನಕೋಳೂರಿಗೆ ಹೋಗಿದ್ದೆ. ಸರ್ವೆಗೆ ಬಂದೀರೇನ್ರೀ ಅಂತ ಹೊಲದವರು ಕೇಳಿದರು. ಹೌದು ಅಂದೆ.